ನರ್ಸಿಂಗ್ ಮಕ್ಕಳನ್ನೂ ಎಂಬಿಬಿಎಸ್ ಮಕ್ಕಳನ್ನೂ ಒಂದೇ ಡಮ್ಮಿ ರೋಗಿಯ ಮುಂದೆ ನಿಲ್ಲಿಸಿ

ನಮ್ಮಲ್ಲಿ ಎಷ್ಟೋ ಕಡೆ ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು ಒಂದೇ ಕಾಂಪೌಂಡಿನಲ್ಲಿವೆ. ಕ್ಯಾಂಟೀನ್ ಒಂದೇ, ಆಸ್ಪತ್ರೆ ಒಂದೇ. ಆದರೂ ಈ ಮಕ್ಕಳು ಓದು ಮುಗಿಯುವ ತನಕ ಒಂದು ಪಾಠಕ್ಕೂ ಒಟ್ಟಿಗೆ ಕೂರುವುದಿಲ್ಲ. ಆಮೇಲೆ ಒಂದು ರಾತ್ರಿ ಇಬ್ಬರನ್ನೂ ಲೇಬರ್ ರೂಮಿಗೆ ಹಾಕಿ, ಟೀಮ್ ಆಗಿ ಕೆಲಸ ಮಾಡಿ ಅಂತೀವಿ. ಹೇಗೆ ಮಾಡಬೇಕು ಅವರು?

ನಾನು ನರ್ಸಿಂಗ್ ಕಲಿಸುವವಳು. ಹೆರಿಗೆ ನಂತರದ ರಕ್ತಸ್ರಾವವನ್ನೇ ತೆಗೆದುಕೊಳ್ಳಿ, ನಾವು ಪಿಪಿಎಚ್ ಅಂತೀವಲ್ಲ, ಅದು. 500 ಮಿಲಿ ದಾಟಿತು ಅಂದರೆ ಒಬ್ಬರು ಗರ್ಭಕೋಶ ಮಸಾಜ್ ಮಾಡುತ್ತಿರಬೇಕು, ಒಬ್ಬರು ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಕೊಡಬೇಕು, ರಕ್ತನಾಳಕ್ಕೆ ಐವಿ ಲೈನ್ ಹಾಕಬೇಕು, ರಕ್ತದ ಸ್ಯಾಂಪಲ್ ಬ್ಲಡ್ ಬ್ಯಾಂಕಿಗೆ ಓಡಬೇಕು, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಹೆರಿಗೆಯಾದ 3 ಗಂಟೆಯೊಳಗೆ ಹೋಗಬೇಕು, ಬೇಗ ಆದಷ್ಟೂ ಒಳ್ಳೆಯದು. ಇದನ್ನೆಲ್ಲ ಎರಡೂ ಕಡೆಯ ಮಕ್ಕಳು ಓದಿ ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಯಾರು ಯಾರಿಗೆ ಹೇಗೆ ಹೇಳಬೇಕು ಅನ್ನೋದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ.

ಇದನ್ನು ಎರಡೂ ಕಡೆಯ ಮಕ್ಕಳಿಗೆ ಒಟ್ಟಿಗೆ, ನಾಟಕದ ತರಹ ಮಾಡಿಸಿಯೇ ಕಲಿಸಬೇಕು. ಅದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಮಾಮಾನಟಾಲಿ ಅಂತ ಒಂದು ಕಿಟ್ ಇದೆ, ಬ್ಯಾಗ್ ತರಹ ಹೊಟ್ಟೆಗೆ ಕಟ್ಟಿಕೊಳ್ಳೋದು. ಟೀಚರ್ ಒಬ್ಬರು ಅದನ್ನು ಕಟ್ಟಿಕೊಂಡು ಮಂಚದ ಮೇಲೆ ಕೂತರೆ ಅವರೇ ಬಾಣಂತಿ. ಎಷ್ಟು ರಕ್ತ, ಅಂದರೆ ಕೆಂಪು ನೀರು, ಹೋಗಬೇಕು ಅನ್ನೋದು ಅವರ ಕೈಯಲ್ಲೇ ಇರುತ್ತದೆ. ಬಾಣಂತಿ 'ತಲೆ ಸುತ್ತುತ್ತಿದೆ ಸಿಸ್ಟರ್' ಅಂತ ಕನ್ನಡದಲ್ಲೇ ಹೇಳುತ್ತಾಳೆ. ಕೇರಳದಿಂದ ಬಂದು ಇಲ್ಲಿ ಓದುತ್ತಿರುವ ಮಕ್ಕಳಿಗೆ ಇದೇ ಒಂದು ದೊಡ್ಡ ಪಾಠ.

ಮೊದಲ ಸಲ ಒಟ್ಟಿಗೆ ಮಾಡಿಸಿದಾಗ ಏನಾಗುತ್ತದೆ ಗೊತ್ತಾ? ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್ ಕಡೆಯ ಇಂಟರ್ನ್, ಯಾರ ಮುಖವನ್ನೂ ನೋಡದೆ 'ಆಕ್ಸಿಟೋಸಿನ್ ಕೊಡಿ' ಅಂತಾನೆ. ನರ್ಸಿಂಗ್ ಹುಡುಗಿಯರಲ್ಲಿ ಅವಳು ಕೊಟ್ಟಳು ಅಂತ ಇವಳು, ಇವಳು ಕೊಟ್ಟಳು ಅಂತ ಅವಳು ಸುಮ್ಮನಿರುತ್ತಾರೆ. ಇಂಜೆಕ್ಷನ್ ಟ್ರೇಯಲ್ಲೇ ಇರುತ್ತದೆ, ಕೆಂಪು ನೀರು ಹರಿಯುತ್ತಲೇ ಇರುತ್ತದೆ. ಎರಡನೇ ಸಲ ಒಬ್ಬಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅವಳು 'ಹತ್ತು ಯೂನಿಟ್, ಐಎಂ' (ಅಂದರೆ ಸ್ನಾಯುವಿಗೆ) ಅಂತ ತಿರುಗಿ ಹೇಳಿ, ಕೊಟ್ಟು, 'ಕೊಟ್ಟಾಯ್ತು ಡಾಕ್ಟ್ರೇ' ಅಂತಾಳೆ. ಇಷ್ಟೇ ವ್ಯತ್ಯಾಸ. ಆದರೆ ಇದು ಲೆಕ್ಚರ್ ಕೇಳಿ ಬರೋದಿಲ್ಲ.

ನನ್ನ ಪ್ರಕಾರ ನಿಜವಾದ ಕಲಿಕೆ ಆಮೇಲೆ, ಎಲ್ಲರೂ ಸುತ್ತ ಕೂತು ಮಾತಾಡುವಾಗ. ಕೆಳಗಿನ ಬಟ್ಟೆ ನೆನೆದಿದ್ದನ್ನು ಎಲ್ಲರಿಗಿಂತ ಮೊದಲು ನೋಡಿದ್ದು ನರ್ಸಿಂಗ್ ಹುಡುಗಿ. ಯಾಕಮ್ಮಾ ಹೇಳಲಿಲ್ಲ ಅಂದರೆ, 'ಸರ್ ನೋಡಿರ್ತಾರೆ ಅಂದುಕೊಂಡೆ ಮೇಡಂ' ಅಂತಾಳೆ. ಪಕ್ಕದಲ್ಲಿ ಕೂತ 'ಸರ್'ಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು, 'ನಾನು ನೋಡೇ ಇರಲಿಲ್ಲ' ಅಂತಾನೆ. ಆ ಹುಡುಗಿ ಈ ಮಾತನ್ನು ವಾರ್ಡಿನಲ್ಲಿ ಯಾವತ್ತೂ ಕೇಳುತ್ತಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡುವಾಗ ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಈಗ ಏನು ಬೇಕು, ಈ ಕ್ರಮದಲ್ಲಿ ಹೇಳು ಅಂತ ಎಸ್‌ಬಾರ್ ಕಲಿಸುತ್ತೇವೆ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಅದು. ಆದರೆ ನಮ್ಮ ಹುಡುಗಿ ಎಸ್‌ಬಾರ್‌ನಲ್ಲಿ ಹೇಳಿ, ಆ ಕಡೆಯವರಿಗೆ ಅದು ಏನು ಅಂತಲೇ ಗೊತ್ತಿಲ್ಲದಿದ್ದರೆ? ಬೇರೆ ಬೇರೆ ವೃತ್ತಿಯವರು ಒಬ್ಬರ ಬಗ್ಗೆ, ಒಬ್ಬರಿಂದ, ಒಬ್ಬರ ಜೊತೆ ಕಲಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ನಾವಿನ್ನೂ 'ಜೊತೆ'ಗೇ ಬಂದಿಲ್ಲ.

ಕೇಳಿದರೆ ಟೈಮ್‌ಟೇಬಲ್ ಹೊಂದಲ್ಲ ಅಂತಾರೆ. ಕೆಲವು ಕಡೆ ಲಕ್ಷಗಟ್ಟಲೆ ಬೆಲೆಯ ಡಮ್ಮಿ ಗೊಂಬೆಗಳು ಪ್ಲಾಸ್ಟಿಕ್ ಕವರ್ ಒಳಗೆ ಸುಮ್ನೆ ಮಲಗಿವೆ, ಇನ್‌ಸ್ಪೆಕ್ಷನ್ ದಿನ ಮಾತ್ರ ಹೊರಗೆ ಬರುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು, ಇದು ಖಡಾಖಂಡಿತ. ಎಂಬಿಬಿಎಸ್ ಮಕ್ಕಳ ಕ್ಲಾಸಿಗೆ ಟ್ರೇ ಹಿಡಿಯೋಕೆ ನಾಲ್ಕು ನರ್ಸಿಂಗ್ ಮಕ್ಕಳನ್ನು ಕಳಿಸಿ ಅನ್ನೋದಾದರೆ ಬೇಡವೇ ಬೇಡ. ಅದರಿಂದ ಮೇಲು ಕೀಳು ಇನ್ನೂ ಗಟ್ಟಿಯಾಗುತ್ತದೆ. ಕೇಸ್, ಅಂದರೆ ಅಭ್ಯಾಸದ ಸನ್ನಿವೇಶ, ಬರೆಯುವಾಗಲೇ ಎರಡೂ ಕಡೆಯ ಟೀಚರ್‌ಗಳು ಕೂರಬೇಕು, ಕೊನೆಯ ಚರ್ಚೆಯನ್ನೂ ಇಬ್ಬರೂ ಸೇರಿ ನಡೆಸಬೇಕು. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಮಕ್ಕಳನ್ನೂ ಕರೆಯಿರಿ, ಬ್ಲಡ್ ಬ್ಯಾಂಕಿನ ಫೋನ್ ಎತ್ತುವವರು ಅವರೇ ತಾನೇ?

ಒಬಿಜಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಪೋಸ್ಟಿಂಗ್‌ನಲ್ಲಿ ಎರಡೂ ಕಡೆಯ ಬ್ಯಾಚ್ ಒಂದೇ ಆಸ್ಪತ್ರೆಯಲ್ಲಿ ಇರುತ್ತದೆ. ಪ್ರಿನ್ಸಿಪಾಲರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಪೋಸ್ಟಿಂಗ್‌ನಲ್ಲಿ ಒಂದು ಮಧ್ಯಾಹ್ನ ಬಿಟ್ಟುಕೊಡಿ. ಕೇಸ್ ಬರೆದು ಕೊಡೋಕೆ ನಾನು ತಯಾರು, ಇನ್‌ಬಾಕ್ಸ್‌ಗೆ ಬನ್ನಿ.