ತರಗೆಲೆ ಕಸವಲ್ಲ

ಉದ್ಯಾನಗಳ ತರಗೆಲೆಯನ್ನು ದಿನವೂ ಗುಡಿಸಿ ಸಾಗಿಸಿದರೆ ಹಕ್ಕಿಗಳಿಗೂ ಒಳ್ಳೆಯದು ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ಒಪ್ಪಲಾರೆ. ನಡಿಗೆಯ ದಾರಿ ಗುಡಿಸಲಿ, ಬೇಡ ಎಂದವರಾರು? ಮರದ ಬುಡವನ್ನೇಕೆ ಕೆರೆಯಬೇಕು? ಒಂದು ಅಕ್ಟೋಬರ್‌ನಲ್ಲಿ ಲಾಲ್‌ಬಾಗ್‌ನಲ್ಲಿ ನವರಂಗ ಹಕ್ಕಿಯೊಂದನ್ನು ಅರ್ಧ ಗಂಟೆ ನೋಡುತ್ತ ನಿಂತಿದ್ದೆ. ಮೋಟು ಬಾಲ ಕುಣಿಸುತ್ತ, ಕೊಕ್ಕಿನಿಂದ ಒಂದೊಂದೇ ಎಲೆ ಮಗುಚಿ, ಅಡಿಯಲ್ಲಿದ್ದ ಹುಳುವನ್ನು ಎಳೆದು ತಿನ್ನುತ್ತಿತ್ತು. ಚಳಿಗಾಲಕ್ಕೆಂದು ಉತ್ತರದಿಂದ ಹಾರಿಬಂದ ಅತಿಥಿಗೆ ಬೋಳು ಮಣ್ಣು ಬಡಿಸುವುದೇ? ಒಣಕೊಂಬೆ ಕಡಿಯುವ ಕಥೆಯೂ ಅಷ್ಟೇ. ಕುಟ್ರು ಹಕ್ಕಿ ಗೂಡಿಗೆ ಪೊಟರೆ ಕೊರೆಯುವುದು ಅಂಥ ಮೆದು ಮರದಲ್ಲಿಯೇ. ತಲೆಯ ಮೇಲೆ ಬೀಳುವಂಥದ್ದನ್ನು ಮಾತ್ರ ಕಡಿದರೆ ಸಾಕು. ನಮ್ಮ ಬಡಾವಣೆಯ ಪಾರ್ಕಿನಲ್ಲಂತೂ ಗುಡಿಸಿದ ಎಲೆಗೆ ಬೆಂಕಿಯನ್ನೂ ಹಚ್ಚುತ್ತಾರೆ. ಮೂಗು ಮುಚ್ಚಿಕೊಂಡು ಓಡುವುದೇ ನಮ್ಮ ಬೆಳಗಿನ ವ್ಯಾಯಾಮ.