ಎಳೆ ಕಡಿದರೆ ನಿಲ್ಲುವ ಮಗ್ಗ

ಅಕ್ಕನ ಮಗ ಹೋದ ಭಾನುವಾರ ಫೋನ್ ಮಾಡಿದ್ದ. "ಮಾವ, ಸೆಕೆಂಡ್ ಹ್ಯಾಂಡ್ ಇನ್ನೋವಾ ಕ್ರಿಸ್ಟಾ ಒಂದು ನೋಡಿದೀನಿ. 2021ರದ್ದು, ಡೀಸೆಲ್. ಟೊಯೋಟಾ ಅಲ್ವಾ, ಕಣ್ಮುಚ್ಚಿ ತಗೋ ಅಂತಿದಾರೆ ಎಲ್ರೂ. ಅಡ್ವಾನ್ಸ್ ಕೊಟ್ಬಿಡ್ಲಾ?" ಅಂದ. ಆಗ ಏನೋ ಹೇಳಿ ಫೋನ್ ಇಟ್ಟೆ. ಆದರೆ ಆ 'ಕಣ್ಮುಚ್ಚಿ' ಅನ್ನುವ ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಲೇ ಇದೆ. ಟೊಯೋಟಾ ಮೇಲೆ ನನಗಿರುವಷ್ಟು ಅಭಿಮಾನ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದಿ.

ನಾನು ಬೆಳೆದದ್ದು ದೊಡ್ಡಬಳ್ಳಾಪುರದಲ್ಲಿ. ಹಜಾರದಲ್ಲಿ ಎರಡು ಪವರ್‌ಲೂಮ್, ಅದರ ಪಕ್ಕದ ಕೋಣೆಯಲ್ಲೇ ನಮ್ಮ ಊಟ, ಓದು, ನಿದ್ದೆ. ಮಗ್ಗದ ಸದ್ದಿಗೆ ಎಚ್ಚರವಾಗುತ್ತಿರಲಿಲ್ಲ, ಕರೆಂಟ್ ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಅಮ್ಮ ಕಂಡಿಕೆ ಸುತ್ತುತ್ತಾ ಕೂತಿದ್ದರೂ ಕಣ್ಣು ಮಗ್ಗದ ಮೇಲೇ ಇರುತ್ತಿತ್ತು. ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದಿಟ್ಟ, ಸಾವಿರಾರು ಎಳೆಗಳಲ್ಲಿ ಒಂದು ಕಡಿದರೂ ನಮ್ಮ ಮಗ್ಗಕ್ಕೆ ಅದು ತಿಳಿಯುತ್ತಿರಲಿಲ್ಲ. ಅಡ್ಡ ನೂಲು ಒಯ್ಯುವ ಲಾಳಿ ಅದರ ಪಾಡಿಗೆ ಓಡುತ್ತಿತ್ತು, ಸೀರೆ ಅದರ ಪಾಡಿಗೆ ಸುತ್ತಿಕೊಳ್ಳುತ್ತಿತ್ತು, ಕಡಿದ ಎಳೆಯ ಜಾಗದಲ್ಲಿ ಉದ್ದಕ್ಕೂ ಸಣ್ಣ ಗೆರೆ ಬೀಳುತ್ತಿತ್ತು. ಎರಡು ನಿಮಿಷ ಮೈ ಮರೆತರೆ ಗೇಣುದ್ದ ಹಾಳು. ಅಂಥ ಸೀರೆಗೆ ಕೂಲಿಯಲ್ಲಿ ದುಡ್ಡು ಹಿಡಿಯುತ್ತಿದ್ದರು. ಹಾಗಾಗಿ ಯಾರಾದರೊಬ್ಬರು ಕಣ್ಣಿಟ್ಟಿರಲೇಬೇಕು. ಶಾಲೆಯಿಂದ ಬಂದ ಮೇಲೆ ಆ ಕೆಲಸ ನನ್ನದು. ಎಳೆ ಕಡಿದರೆ ಹಿಡಿ ಎಳೆದು ಮಗ್ಗ ನಿಲ್ಲಿಸಿ ಅಮ್ಮನನ್ನು ಕೂಗಬೇಕು. ಅವಳು ಬಂದು ತುದಿ ಹುಡುಕಿ, ನಾಲಿಗೆಗೆ ತಾಗಿಸಿ ಹೊಸೆದು ಗಂಟು ಹಾಕಿ, ಹಣಿಗೆಯ ಸಂದಿಯಲ್ಲಿ ತೂರಿಸಿ, "ಹ್ಞೂಂ, ಬಿಡು" ಅನ್ನುತ್ತಿದ್ದಳು.

ಇದನ್ನು ಯಾಕೆ ಹೇಳಿದೆ ಅಂದರೆ, ಟೊಯೋಟಾ ಕಥೆ ಶುರುವಾಗುವುದು ಇಂಥದ್ದೇ ಮನೆಯಲ್ಲಿ.

ಸಕಿಚಿ ಟೊಯೋಡಾ ಹುಟ್ಟಿದ್ದು 1867ರಲ್ಲಿ, ಈಗಿನ ಶಿಝುವೊಕಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಅಪ್ಪ ಬಡಗಿ. ತಾಯಿ ಕೈಮಗ್ಗದ ಮುಂದೆ ಪಡುವ ಕಷ್ಟ ನೋಡಿ ಮಗ್ಗ ಸುಧಾರಿಸಲು ಹೊರಟ ಹುಡುಗ ಅಂತ ಕಂಪನಿಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮರದ ಕೈಮಗ್ಗಕ್ಕೆ ಮೊದಲ ಪೇಟೆಂಟ್ ಸಿಕ್ಕಾಗ ಅವನಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಒಂದರ ಬೆನ್ನು ಹತ್ತಿ, ಮಗ ಕಿಯಿಚಿರೊನನ್ನೂ ಜೊತೆಗೆ ಸೇರಿಸಿಕೊಂಡು, 1924ರಲ್ಲಿ 'ಟೈಪ್ ಜಿ' ಅನ್ನುವ ಮಗ್ಗ ಮುಗಿಸಿದ. ಅದರ ಹಾಸಿನ ಪ್ರತಿ ಎಳೆಯ ಮೇಲೂ ತೆಳು ಲೋಹದ ತುಂಡೊಂದು ನೇತಾಡುತ್ತಿರುತ್ತದೆ. ಎಳೆ ಬಿಗಿಯಾಗಿರುವಷ್ಟು ಹೊತ್ತು ತುಂಡು ಮೇಲೆ. ಎಳೆ ಕಡಿಯಿತೋ, ತುಂಡು ಕೆಳಗೆ ಬೀಳುತ್ತದೆ, ಬಿದ್ದ ತಕ್ಷಣ ಮಗ್ಗ ನಿಲ್ಲುತ್ತದೆ. ಲಾಳಿಯಲ್ಲಿ ನೂಲು ಮುಗಿಯುತ್ತಾ ಬಂದರೆ ಓಡುತ್ತಿರುವಾಗಲೇ ಲಾಳಿ ಬದಲಿಸಿಕೊಳ್ಳುತ್ತದೆ. ಕಾಯುತ್ತಾ ಕೂರುವ ಕಣ್ಣು ಬೇಕಿಲ್ಲ, ಒಬ್ಬಳೇ ಇಪ್ಪತ್ತು ಮೂವತ್ತು ಮಗ್ಗ ನೋಡಿಕೊಳ್ಳಬಹುದು.

ಇದನ್ನು ಮೊದಲ ಸಲ ಓದಿದ ದಿನ ನನ್ನ ಕಣ್ಣಲ್ಲಿ ನೀರು ಬಂತು. ನನ್ನಮ್ಮನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಆ ಮನುಷ್ಯ ಒಂದು ತಗಡಿನ ಚೂರಿಗೆ ವಹಿಸಿದ್ದ, ಅದೂ ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲ್ಯಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು 1 ಲಕ್ಷ ಪೌಂಡ್‌ಗೆ ಕೊಳ್ಳಲು ಒಪ್ಪಿತು. ಮಗ್ಗದ ಯಂತ್ರದಲ್ಲಿ ಜಗತ್ತಿಗೇ ದೊಡ್ಡಣ್ಣನಂತಿದ್ದ ಊರು ಜಪಾನಿನ ಬಡಗಿಯ ಮಗನಿಗೆ ದುಡ್ಡು ಎಣಿಸಿತು. ಮರುವರ್ಷ ಸಕಿಚಿ ತೀರಿಕೊಂಡ. ಕಿಯಿಚಿರೊ ಮಗ್ಗದ ಕಾರ್ಖಾನೆಯ ಮೂಲೆಯೊಂದರಲ್ಲಿ ಸಣ್ಣ ಎಂಜಿನ್ ಕಟ್ಟುತ್ತಾ ಕೂತ. 1933ರಲ್ಲಿ ಅದೇ ಕಂಪನಿಯೊಳಗೆ ಮೋಟಾರು ವಿಭಾಗ ಹುಟ್ಟಿತು, 1935ರಲ್ಲಿ ಜಿ1 ಲಾರಿ, 1936ರಲ್ಲಿ ಎಎ ಕಾರು, 1937ರ ಆಗಸ್ಟ್ 28ಕ್ಕೆ ಪ್ರತ್ಯೇಕ ಕಂಪನಿ. ಮನೆತನದ ಹೆಸರು ಟೊಯೋಡಾ, ಕಂಪನಿಯದು ಟೊಯೋಟಾ. ಜಪಾನಿ ಅಕ್ಷರದಲ್ಲಿ ಹಾಗೆ ಬರೆದರೆ ಎಂಟು ಗೆರೆ ಆಗುತ್ತದೆ, ಎಂಟು ಅವರಿಗೆ ಶುಭ.

ಆ ಜಿ1 ಲಾರಿ ದಾರಿಯಲ್ಲಿ ಕೆಟ್ಟು ನಿಲ್ಲುವುದಕ್ಕೇ ಹೆಸರಾಗಿತ್ತು. ಕಂಪನಿಯವರೇ ನಿಂತ ಜಾಗಕ್ಕೆ ಹೋಗಿ ರಿಪೇರಿ ಮಾಡಿ, ಕೆಟ್ಟ ಭಾಗ ಯಾಕೆ ಕೆಟ್ಟಿತು ಅಂತ ನೋಡಿ ಮುಂದಿನ ಲಾರಿಯಲ್ಲಿ ತಿದ್ದುತ್ತಿದ್ದರು. ಇಪ್ಪತ್ತು ವರ್ಷ ಕಳೆದು 1957ರಲ್ಲಿ ಕ್ರೌನ್ ಕಾರನ್ನು ಅಮೆರಿಕಕ್ಕೆ ಒಯ್ದಾಗಲೂ ಇದೇ ಹಣೆಬರಹ. ಅಲ್ಲಿನ ಹೆದ್ದಾರಿಯ ವೇಗಕ್ಕೆ ಎಂಜಿನ್ನಿಗೆ ಏದುಸಿರು, ಬಾಡಿಗೆ ನಡುಕ. ಕೊನೆಗೆ ಕಾರು ಕಳಿಸುವುದನ್ನೇ ನಿಲ್ಲಿಸಿ ಊರಿಗೆ ಮರಳಿದರು. ಅಮೆರಿಕದಲ್ಲಿ ಮಾನ ಉಳಿಸಿದ್ದು ಲ್ಯಾಂಡ್ ಕ್ರೂಸರ್. 'ಟೊಯೋಟಾ ಕೆಡಲ್ಲ' ಅನ್ನುವ ಮಾತು ಹುಟ್ಟಿದ್ದು ಆಮೇಲೆ, 1966ರ ಕೊರೊಲ್ಲಾ, 1968ರ ಹೈಲಕ್ಸ್ ಬಂದು ದೇಶದೇಶ ಸುತ್ತಿದ ಮೇಲೆ.

ನಡುವೆ ಒಂದು ಕಹಿ ಅಧ್ಯಾಯವಿದೆ, ಅಭಿಮಾನಿಗಳು ಹೇಳಲು ಮರೆಯುತ್ತಾರೆ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಯಾರನ್ನೂ ಕೆಲಸದಿಂದ ತೆಗೆಯಬಾರದು ಅಂದುಕೊಂಡಿದ್ದ ಕಿಯಿಚಿರೊಗೆ ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸುವುದು ತಪ್ಪಲಿಲ್ಲ. ದೊಡ್ಡ ಮುಷ್ಕರವಾಯಿತು, ಹೊಣೆ ಹೊತ್ತು ಅವನೂ ಕುರ್ಚಿ ಬಿಟ್ಟ. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ ಅಮೆರಿಕ ಸೇನೆಯಿಂದ ಲಾರಿಗೆ ಆರ್ಡರ್ ಬಂದು ಕಂಪನಿ ಬದುಕಿಕೊಂಡಿತು. ಅವನು ಮಾತ್ರ ವಾಪಸ್ ಬರುವ ಮೊದಲೇ, 1952ರಲ್ಲಿ, ಐವತ್ತೇಳನೆಯ ವಯಸ್ಸಿಗೆ ತೀರಿಹೋದ. ತಾನು ಕಟ್ಟಿದ್ದು ಏನಾಯಿತು ಅಂತ ನೋಡಲು ಅವನಿರಲಿಲ್ಲ.

ಆ ತಗಡಿನ ಚೂರನ್ನು ಕಾರಿನ ಕಾರ್ಖಾನೆಗೆ ತಂದವನು ತೈಯಿಚಿ ಓನೊ. ಈತನೂ ಟೊಯೋಡಾ ನೂಲು ಗಿರಣಿಯಲ್ಲಿ ಕೆಲಸ ಕಲಿತು 1943ರಲ್ಲಿ ಕಾರಿನ ಕಡೆಗೆ ಬಂದವನು. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ ಕಟ್ಟಿಸಿದರು. ಬೋಲ್ಟ್ ಸರಿಯಾಗಿ ಕೂರಲಿಲ್ಲ, ಬಾಗಿಲು ಒಂದು ಕೂದಲೆಳೆ ಆಚೀಚೆ ಆಯಿತು ಅಂದರೆ ಎಷ್ಟೇ ಸಣ್ಣ ಕೆಲಸಗಾರನೂ ಆ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಬೇರೆ ಕಾರ್ಖಾನೆಗಳಲ್ಲಿ ಸಾಲು ನಿಲ್ಲಿಸಿದವನಿಗೆ ಬೈಗುಳ ಕಾದಿರುತ್ತಿದ್ದ ಕಾಲ ಅದು. ಇಲ್ಲಿ ದೋಷ ಕಂಡೂ ಮುಂದೆ ಬಿಡುವುದೇ ತಪ್ಪು. ನಿಂತ ಮೇಲೆ ಯಾಕೆ, ಯಾಕೆ ಅಂತ ಐದು ಸಲ ಕೇಳಬೇಕು. ಟೊಯೋಟಾ ಗಳಿಸಿದ ಹೆಸರಿನಲ್ಲಿ ಆ ಹಗ್ಗದ ಪಾಲೇ ದೊಡ್ಡದು ಅಂತ ನಾನು ನಂಬಿದ್ದೇನೆ.

ಇನ್ನು ನಮ್ಮೂರ ಕಡೆಯ ಮಾತು. ಟೊಯೋಟಾ ಕರ್ನಾಟಕಕ್ಕೆ ಬಂದದ್ದು ಬಿಡದಿಯಿಂದ ಅಂತ ಎಲ್ಲರೂ ತಿಳಿದಿದ್ದಾರೆ. ಅದಕ್ಕೂ ಮೊದಲೇ, 1995ರಲ್ಲಿ, ಸಕಿಚಿಯ ಮಗ್ಗದ ಕಂಪನಿ ಕಿರ್ಲೋಸ್ಕರ್ ಜೊತೆ ಸೇರಿ ನೂಲುವ ಯಂತ್ರ ಮಾಡಲು ಇಲ್ಲಿಗೆ ಬಂದಿತ್ತು. ಜಿಗಣಿಯಲ್ಲಿ ಅದರ ಕಾರ್ಖಾನೆ. ಆ ನಂಟಿನ ಹಿಂದೆಯೇ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು, 2000ದ ಜನವರಿಯಲ್ಲಿ ಬಿಡದಿಯಿಂದ ಕ್ವಾಲಿಸ್ ಹೊರಬಂತು. ಇಲ್ಲೂ ನೂಲೇ ಮೊದಲು, ಕಾರು ಆಮೇಲೆ.

ಕ್ವಾಲಿಸ್ ನೋಡಲು ಚೆಂದವೇನಿರಲಿಲ್ಲ. ಇಂಡೋನೇಷ್ಯಾದ ಕಿಜಾಂಗ್ ಗಾಡಿಯ ಹಳೇ ಅಚ್ಚು. ಆದರೆ ನಮ್ಮ ಚಿಕ್ಕಪ್ಪ ಅವರ ಪಾಲಿನ ಎರಡು ಮಗ್ಗ ಮಾರಿ, ಮೇಲಷ್ಟು ಸಾಲ ಮಾಡಿ ತಂದದ್ದು ಹಳದಿ ಬೋರ್ಡಿನ ಒಂದು ಹಳೇ ಕ್ವಾಲಿಸ್. ರಾತ್ರಿ ಬೆಂಗಳೂರಿನ ಕಾಲ್ ಸೆಂಟರ್ ಹುಡುಗರನ್ನು ಮನೆಮನೆಗೆ ಬಿಡುವುದು, ವಾರದ ಕೊನೆಗೆ ಧರ್ಮಸ್ಥಳ, ತಿರುಪತಿ. 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಾಗ ಚೆನ್ನಾಗಿ ಓಡುವ ಗಾಡಿಯನ್ನು ಯಾಕೆ ನಿಲ್ಲಿಸಿದರು ಅಂತ ತಿಂಗಳುಗಟ್ಟಲೆ ಗೊಣಗಿದರು. ಆಮೇಲೆ ಅವರೇ ಇನ್ನೋವಾ ತಗೊಂಡರು. ನಾಲ್ಕು ಲಕ್ಷ ಕಿಲೋಮೀಟರ್ ದಾಟಿಸಿದರು.

ಅವರ ಪಕ್ಕದ ಸೀಟಿನಲ್ಲಿ ಕೂತು ಕಲಿತದ್ದು ತುಂಬಾ. ಒಂದು ಸಲ ಶಿರಾಡಿ ಇಳಿಯುವಾಗ, ಹಿಂದೆ ಮನೆಮಂದಿಯೆಲ್ಲ ಅಂತ್ಯಾಕ್ಷರಿ ಆಡುತ್ತಿದ್ದರು, ಚಿಕ್ಕಪ್ಪ ಸುಮ್ಮನೆ ಗಾಡಿ ಪಕ್ಕಕ್ಕೆ ಹಾಕಿದರು. ನಮಗ್ಯಾರಿಗೂ ಏನೂ ಕೇಳಿಸಿರಲಿಲ್ಲ. ಇಳಿದು ಮುಂದಿನ ಎಡಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದರು. ಬ್ರೇಕ್ ಪ್ಯಾಡ್ ಸವೆದು ತಗಡಿಗೆ ಬಂದಿತ್ತು. "ಸದ್ದು ಬದಲಾಯ್ತು ಕಣೋ. ಬದಲಾದ್ರೆ ಇಳಿದು ನೋಡ್ಬೇಕು" ಅಂದರು, ಅಷ್ಟೇ. ಮಗ್ಗದ ಕಿವಿ ಅದು. ಗಾಡಿ ನಾಲ್ಕು ಲಕ್ಷ ಓಡಿದ್ದರ ಅರ್ಧ ಪುಣ್ಯ ಬಿಡದಿಯವರದ್ದಾದರೆ ಇನ್ನರ್ಧ ಚಿಕ್ಕಪ್ಪನದ್ದು. ಕಣ್ಮುಚ್ಚಿ ಓಡಿಸಿದವರ ಟೊಯೋಟಾಗಳೂ ಗುಜರಿಯಲ್ಲಿ ಬಿದ್ದಿರುವುದನ್ನು ನೋಡಿದ್ದೇನೆ.

ಕಂಪನಿಯೇ ಕಣ್ಣು ಮುಚ್ಚಿದ ಕಾಲವೂ ಬಂತು. 2008ರಲ್ಲಿ ಜನರಲ್ ಮೋಟಾರ್ಸನ್ನು ಹಿಂದೆ ಹಾಕಿ ಟೊಯೋಟಾ ಜಗತ್ತಿನಲ್ಲಿ ಅತಿ ಹೆಚ್ಚು ಕಾರು ಮಾರುವ ಕಂಪನಿಯಾಯಿತು. ಮರುವರ್ಷ, 2009ರ ಆಗಸ್ಟ್ 28ರಂದು, ಕಂಪನಿ ಹುಟ್ಟಿದ ತಾರೀಖಿನಂದೇ, ಅಮೆರಿಕದ ಸ್ಯಾನ್ ಡಿಯಾಗೋ ಹತ್ತಿರ ಟೊಯೋಟಾದ್ದೇ ದುಬಾರಿ ಬ್ರ್ಯಾಂಡ್ ಆದ ಲೆಕ್ಸಸ್‌ನ ಒಂದು ಕಾರು ಹಿಡಿತ ತಪ್ಪಿ ಓಡಿ ಒಂದೇ ಮನೆಯ ನಾಲ್ವರು ಸತ್ತರು. ಕಾಲಡಿಯ ಮ್ಯಾಟ್ ಜರುಗಿ ಆಕ್ಸಿಲರೇಟರ್ ಅದರಡಿ ಸಿಕ್ಕಿಕೊಂಡಿತ್ತು. ನಿಲ್ಲಿಸಲಾಗುತ್ತಿಲ್ಲ ಅಂತ ಕಾರಿನೊಳಗಿಂದ ತುರ್ತು ಸಂಖ್ಯೆಗೆ ಕರೆ ಮಾಡಿದ್ದರು. ಆಮೇಲೆ ಕೆಲವು ಪೆಡಲ್‌ಗಳು ಒತ್ತಿದ ಜಾಗದಲ್ಲೇ ಅಂಟಿಕೊಳ್ಳುತ್ತವೆ ಅನ್ನುವುದೂ ಹೊರಬಿತ್ತು. ಲಕ್ಷಲಕ್ಷ ಕಾರು ವಾಪಸ್ ಕರೆಸಿದರು, 2010ರ ಜನವರಿಯಲ್ಲಿ ಅಮೆರಿಕದಲ್ಲಿ ಎಂಟು ಮಾದರಿಗಳ ಮಾರಾಟವನ್ನೇ ನಿಲ್ಲಿಸಿದರು. ಸಕಿಚಿಯ ಮರಿಮಗ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು, ನಾವು ಅತಿ ವೇಗದಲ್ಲಿ ಬೆಳೆಯಲು ಹೋದೆವು, ಯಾವುದು ಮೊದಲು ಅನ್ನುವುದು ಗೊಂದಲವಾಯಿತು ಅಂತ ಒಪ್ಪಿಕೊಂಡರು. ಎಲೆಕ್ಟ್ರಾನಿಕ್ಸ್‌ನಲ್ಲಿ ಅಂಥ ದೋಷವಿಲ್ಲ ಅಂತ ನಾಸಾ ತಜ್ಞರು ಆಮೇಲೆ ಹೇಳಿದ್ದು ನಿಜ. ಆದರೆ ಮ್ಯಾಟ್ ಮತ್ತು ಪೆಡಲ್ ವಿಷಯದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ತೆತ್ತದ್ದೂ ಅಷ್ಟೇ ನಿಜ. ಎಳೆ ಕಡಿದದ್ದು ಗೊತ್ತಿದ್ದೂ ಮಗ್ಗ ಓಡಿಸಿದರು. ನನಗೆ ಇದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ.

ಪಾಠ ಕಲಿತರು ಅಂದುಕೊಂಡಿದ್ದೆ. 2023ರ ಡಿಸೆಂಬರ್‌ನಲ್ಲಿ ಟೊಯೋಟಾದ ಅಂಗಸಂಸ್ಥೆ ಡೈಹಟ್ಸು ತನ್ನ 64 ಮಾದರಿಗಳ ಸುರಕ್ಷತಾ ಪರೀಕ್ಷೆಯಲ್ಲಿ ಅಕ್ರಮ ನಡೆಸಿದ್ದು ಬಯಲಾಯಿತು. ಗಡುವಿನ ಒತ್ತಡ ಅಂತ ತನಿಖೆಯವರು ಬರೆದರು. ಅದರ ಮರುತಿಂಗಳು ಬಂದ ಸುದ್ದಿ ನನ್ನನ್ನು ಹೆಚ್ಚು ಚುಚ್ಚಿತು. ಡೀಸೆಲ್ ಎಂಜಿನ್‌ಗಳ ಶಕ್ತಿ ಅಳೆಯುವ ಪರೀಕ್ಷೆಯಲ್ಲಿ, ಗಾಡಿಗೆ ಹಾಕುವುದಕ್ಕಿಂತ ಬೇರೆಯೇ ಸಾಫ್ಟ್‌ವೇರ್ ಹಾಕಿ ಅಂಕಿ ನೀಟಾಗಿ ಕಾಣುವಂತೆ ಮಾಡಿದ್ದರು. ಮಾಡಿದ್ದು ಯಾರು? ಟೊಯೋಟಾ ಇಂಡಸ್ಟ್ರೀಸ್. ಅಂದರೆ ಸಕಿಚಿಯ ಅದೇ ಮಗ್ಗದ ಕಂಪನಿ. ಕೆಲವು ದಿನ ನಮ್ಮಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಶೋರೂಮಿಗೆ ಕಳಿಸುವುದು ನಿಂತಿತ್ತು. ಎಂಜಿನ್ ಶಕ್ತಿ ಹೇಳಿದಷ್ಟೇ ಇದೆ, ಓಡಿಸಲು ಅಡ್ಡಿಯಿಲ್ಲ ಅಂತ ಕಂಪನಿ ಹೇಳಿತು, ಮತ್ತೆ ಕಳಿಸಲು ಶುರು ಮಾಡಿತು. ಆ ಮಾತನ್ನು ನಾನು ನಂಬುತ್ತೇನೆ. ಆದರೂ ಅಂಕಿ ತಿದ್ದಿದ ಆ ಕೈಯನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಬಿಡದಿಯಲ್ಲೇ 2020ರ ನವೆಂಬರ್‌ನಲ್ಲಿ ಕಾರ್ಮಿಕರು ಕೆಲಸದ ಹೊರೆ ತಾಳಲಾಗುತ್ತಿಲ್ಲ ಅಂತ ಧರಣಿ ಕೂತರು, ಆಡಳಿತ ಲಾಕೌಟ್ ಘೋಷಿಸಿತು, ತಿಂಗಳುಗಟ್ಟಲೆ ಎಳೆದಾಡಿತು. ಅದರ ಸರಿತಪ್ಪಿನ ಬಗ್ಗೆ ಎರಡೂ ಕಡೆಯವರು ಬೇಕಾದಷ್ಟು ಮಾತಾಡಿದ್ದಾರೆ. ನನಗೆ ಅನ್ನಿಸಿದ್ದು ಒಂದೇ. ಸಾಲಿನಲ್ಲಿ ನಿಂತವನಿಗೆ ಕೈ ಮೇಲೆತ್ತಿ ಹಗ್ಗ ಎಳೆಯುವಷ್ಟು ಪುರುಸೊತ್ತು ಮತ್ತು ಧೈರ್ಯ ಇದ್ದರೆ ಮಾತ್ರ ಆ ಹಗ್ಗಕ್ಕೆ ಬೆಲೆ. ಅವನ ಉಸಿರಿಗೆ ಜಾಗವಿಲ್ಲದಷ್ಟು ವೇಗ ಏರಿಸಿ, ಗುಣಮಟ್ಟ ಅಂತ ಗೋಡೆಗೆ ಬರೆದರೆ ಏನು ಬಂತು?

ಅಕ್ಕನ ಮಗನಿಗೆ ನಿನ್ನೆ ವಾಪಸ್ ಫೋನ್ ಮಾಡಿದೆ. ಗಾಡಿ ತಗೋ, ಆದರೆ ಅಡ್ವಾನ್ಸ್ ಕೊಡುವ ಮೊದಲು ಚಾಸಿ ನಂಬರ್ ಬರೆದುಕೊಂಡು ಬಾ, ಅದರ ಮೇಲೆ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದದ್ದು, ಏನಾದರೂ ಬಾಕಿ ಇದೆಯಾ ಅಂತ ವಿಚಾರಿಸು, ಸರ್ವಿಸ್ ದಾಖಲೆ ಪೂರ್ತಿ ಕೇಳು, ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿ ಗಾಡಿಯ ಕೆಳಗೆ ತೂರಿಸಿ ನೋಡಿಸು ಅಂದೆ. "ಟೊಯೋಟಾಗೂ ಇಷ್ಟೆಲ್ಲ ಬೇಕಾ ಮಾವ?" ಅಂದ. ಟೊಯೋಟಾಗೆ ಬೇಕೇ ಬೇಕು ಅಂದೆ.

ಶನಿವಾರ ಇಬ್ಬರೂ ಹೋಗುತ್ತಿದ್ದೇವೆ. ಚಿಕ್ಕಪ್ಪನಿಗೆ ಈಗ ಎಪ್ಪತ್ತಾರು, ಮಂಡಿ ನೋವು, ಆದರೂ ನಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾರೆ. ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷ ಯಾರೂ ಮಾತಾಡದೆ ನಿಂತಿರಿ ಸಾಕು ಅಂತ ಈಗಲೇ ಹೇಳಿಟ್ಟಿದ್ದಾರೆ.