ಕೊಂಕಣ ಸುತ್ತಿ ತಾಷ್ಕೆಂಟಿಗೆ

ದೆಹಲಿಯಿಂದ ಬೆಂಗಳೂರಿಗೆ ಗೆರೆ ಎಳೆದ ಹಾಗೆ ಹಾರಿದರೆ ಸುಮಾರು 1,700 ಕಿ.ಮೀ. ದೆಹಲಿಯಿಂದ ತಾಷ್ಕೆಂಟಿಗೆ 1,600ಕ್ಕೂ ಕಡಿಮೆ. ಅಂದರೆ ರಾಜಧಾನಿಯಲ್ಲಿ ಕೂತವರಿಗೆ ನಮಗಿಂತ ಉಜ್ಬೆಕಿಸ್ತಾನವೇ ಹತ್ತಿರ. (ಅನುದಾನ ಹಂಚುವಾಗಲೆಲ್ಲ ನಮಗೆ ಈ ಅನುಮಾನ ಇದ್ದೇ ಇತ್ತು.)

ಆದರೆ ಇದು ಭೂಗೋಳದ ಲೆಕ್ಕ, ಅದನ್ನು ಈಗ ಕೇಳುವವರಿಲ್ಲ. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶದ ಬಾಗಿಲು ಹಾಕಿತು. ವಾರ ತುಂಬುವುದರೊಳಗೆ ನಾವೂ ಹಾಕಿದೆವು. ಇಂಡಿಗೊ ತಾಷ್ಕೆಂಟ್, ಅಲ್ಮಾಟಿ ಹಾರಾಟಗಳನ್ನು ನಿಲ್ಲಿಸಿತು. ಊರು ಅಲ್ಲೇ ಇದೆ, ವಿಮಾನ ಇಲ್ಲೇ ಇದೆ. ಸುತ್ತಿ ಬಳಸಿ ಹೋಗುವಷ್ಟು ಇಂಧನ ಮಾತ್ರ ಅದರ ಟ್ಯಾಂಕಿಗೆ ಹಿಡಿಯುವುದಿಲ್ಲ.

ಇನ್ನೂ ಸೊಗಸೆಂದರೆ, ಬಾಗಿಲು ಮುಚ್ಚಿರುವುದು ಭಾರತದ ವಿಮಾನಕ್ಕೆ, ಭಾರತೀಯನಿಗಲ್ಲ. ಅದೇ ಮನುಷ್ಯ, ಅದೇ ಪಾಸ್‌ಪೋರ್ಟ್, ಅದೇ ಉಪ್ಪಿನಕಾಯಿ ಡಬ್ಬಿ ಹಿಡಿದು ಉಜ್ಬೆಕ್ ವಿಮಾನ ಹತ್ತಿದರೆ ಪಾಕಿಸ್ತಾನದ ಮೇಲೆಯೇ ನೆಟ್ಟಗೆ ಹೋಗಬಹುದು. ಶತ್ರುತ್ವವೆಲ್ಲ ಬಾಲದ ಬಣ್ಣದಲ್ಲಿದೆ.

ಬಾಗಿಲು ಹಾಕುವ ಕ್ರಮವನ್ನೂ ನೋಡಬೇಕು. ಇನ್ನು ತೆಗೆಯುವುದೇ ಇಲ್ಲ ಎಂದು ಯಾರೂ ಹೇಳುವುದಿಲ್ಲ. ತಿಂಗಳಿಗೊಂದು ನೋಟಾಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆ. ಗಡುವು ಹತ್ತಿರ ಬಂದಾಗ ಆ ಕಡೆಯವರು ಇನ್ನೊಂದು ತಿಂಗಳು ಮುಂದೂಡುತ್ತಾರೆ, ಹಿಂದೆಯೇ ಈ ಕಡೆಯವರು. ಮೊಬೈಲಿಗೆ ರೀಚಾರ್ಜ್ ಹಾಕಿಸಿದ ಹಾಗೆ ಹಗೆಗೂ ಮಾಸಿಕ ಪ್ಲಾನ್. ಎರಡು ದೇಶಗಳ ನಡುವೆ ಇಷ್ಟು ಶಿಸ್ತಾಗಿ ನಡೆಯುವ ವ್ಯವಹಾರ ಇದೊಂದೇ ಇರಬೇಕು.

ದೆಹಲಿ–ಲಾಹೋರ್ ಸಂಗತಿಯಂತೂ ಬೇಡವೇ ಬೇಡ. ನಡುವೆ ಇರುವುದು 400 ಚಿಲ್ಲರೆ ಕಿ.ಮೀ. ವಿಮಾನವೇ ಬೇಕೆನ್ನುವವರು ದುಬೈಗೆ ಹೋಗಿ, ಅಲ್ಲಿ ಕಾಫಿಯ ಬೆಲೆ ಕೇಳಿ ಬೆಚ್ಚಿ, ಬಂದ ದಿಕ್ಕಿಗೇ ತಿರುಗಬೇಕು. ಒಟ್ಟು 4,000 ಕಿ.ಮೀ.ಗೂ ಮೇಲೆ.

ಇದು ನಮ್ಮಿಬ್ಬರ ದಾಯಾದಿ ಜಗಳದ ವಿಶೇಷ ಅಂದುಕೊಳ್ಳಬೇಡಿ. ಹೆಲ್ಸಿಂಕಿಯಿಂದ ಟೋಕಿಯೊಗೆ ಫಿನ್ಲೆಂಡಿನ ವಿಮಾನ ಸಂಸ್ಥೆ ಫಿನ್‌ಏರ್ ಒಂಬತ್ತು ಚಿಲ್ಲರೆ ಗಂಟೆಯಲ್ಲಿ ಹೋಗುತ್ತಿತ್ತು. 2022ರಲ್ಲಿ ಯುಕ್ರೇನ್ ಮೇಲೆ ಯುದ್ಧ ಶುರುವಾಗಿ ಯುರೋಪ್, ರಷ್ಯಾ ಪರಸ್ಪರ ಆಕಾಶ ಮುಚ್ಚಿಕೊಂಡ ಮೇಲೆ ಅದು ಸುಮಾರು 13 ಗಂಟೆಯಾಯಿತು, ಉತ್ತರ ಧ್ರುವದ ಮೇಲೆ ಹಾಯ್ದು. ಇದೇ ಸಂಸ್ಥೆ 1983ರಲ್ಲೂ ಸೋವಿಯತ್ ಆಕಾಶ ತಪ್ಪಿಸಿ ಧ್ರುವದ ಮೇಲೆಯೇ ಟೋಕಿಯೊಗೆ ಹಾರಿತ್ತು. ಸುಮಾರು ನಲವತ್ತು ವರ್ಷದ ಪ್ರಗತಿ ಅಂದರೆ ಇದು! ಫಿನ್‌ಏರ್ ಜಾಣರು: ಧ್ರುವ ದಾಟಿದ್ದಕ್ಕೆ ಪ್ರಯಾಣಿಕರ ಕೈಗೆ ಪ್ರಮಾಣಪತ್ರ, ಸ್ಟಿಕರ್ ಕೊಟ್ಟರು. ನಮ್ಮಲ್ಲಾಗಿದ್ದರೆ ಅರಬ್ಬೀ ಸಮುದ್ರ ಸುತ್ತಿ ಬಂದವರಿಗೆ ಶಾಲು, ಹಾರ, ಮೈಸೂರು ಪೇಟ, ಕೊನೆಗೆ ಸಚಿವರದೊಂದು ಭಾಷಣವೂ ಆಗುತ್ತಿತ್ತು.

ತಾಷ್ಕೆಂಟಿಗೇ ಮರಳೋಣ. 1966ರ ಜನವರಿ 10ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್, 1965ರ ಯುದ್ಧದ ನಂತರದ ಶಾಂತಿ ಘೋಷಣೆಗೆ ಸಹಿ ಹಾಕಿದ್ದು ಅಲ್ಲೇ. ಎರಡು ದೇಶಗಳ ನಡುವೆ ವ್ಯಾಪಾರ, ಸಂಪರ್ಕ ಮತ್ತೆ ಶುರು ಮಾಡುವ ಯೋಚನೆಯೂ ಆ ಘೋಷಣೆಯಲ್ಲಿತ್ತು. ಈಗ ಇನ್ನೊಮ್ಮೆ ಅಲ್ಲೇ ಕೂತು ಮಾತಾಡೋಣ ಎಂದು ಯಾರಾದರೂ ಕರೆದರೆ, ಇಸ್ಲಾಮಾಬಾದಿನವರು ಊಟದ ಹೊತ್ತಿಗೆ ತಲುಪಿರುತ್ತಾರೆ. ನಮ್ಮ ನಿಯೋಗ ನಮ್ಮದೇ ವಿಮಾನದಲ್ಲಿ ಇನ್ನೂ ಮಸ್ಕತ್ ಮೇಲಿರುತ್ತದೆ.